ಕಂಬದಲ್ಲಿ ಚಾರ್ಜರ್ ಇದೆ, ತಂತಿಯಲ್ಲಿ ಏನಿದೆ?

ನಿಮ್ಮ ಪೇಟೆಯ ಆಟೋ ಸ್ಟ್ಯಾಂಡಿನ ಹತ್ತಿರ ಕರೆಂಟು ಕಂಬಕ್ಕೆ ಬಿಗಿದ ಒಂದು ಸಣ್ಣ ಪೆಟ್ಟಿಗೆಯನ್ನು ನೀವು ನೋಡಿರಬಹುದು. ಕೇರಳ ವಿದ್ಯುತ್ ಮಂಡಳಿ 2021ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯ ಹತ್ತು ಕಂಬಗಳಲ್ಲಿ ಇದರ ಪ್ರಯೋಗ ಮಾಡಿತು. ಆಮೇಲೆ ರಾಜ್ಯದ 140 ವಿಧಾನಸಭಾ ಕ್ಷೇತ್ರಗಳಿಗೂ ಹಂಚಿ ಸಾವಿರಕ್ಕೂ ಹೆಚ್ಚು ಕಂಬಗಳಲ್ಲಿ ಇಂಥ ಪೆಟ್ಟಿಗೆಗಳನ್ನು ಕೂರಿಸಿತು. ಮಂಜೇಶ್ವರದಿಂದ ತೃಕ್ಕರಿಪುರದ ತನಕ ನಮ್ಮ ಜಿಲ್ಲೆಯ ಐದು ಕ್ಷೇತ್ರಗಳಿಗೂ ಪಾಲು ಬಂತು. ಮೊಬೈಲಿನಲ್ಲಿ ಆ್ಯಪ್ ತೆರೆದು, ಮುಂಗಡ ಹಣ ಹಾಕಿ, ಆಟೋದ ಪ್ಲಗ್ ಚುಚ್ಚಿದರೆ ಚಾರ್ಜ್ ಆಗುತ್ತದೆ. ಆಲೋಚನೆ ಒಳ್ಳೆಯದೇ. ಹೊಸ ಜಾಗ ಬೇಡ, ಕಟ್ಟಡ ಬೇಡ, ಕಂಬ ಹೇಗೂ ಇದೆ.

ಸ್ಟ್ಯಾಂಡಿನಲ್ಲಿ ನಿಂತ ಎಲೆಕ್ಟ್ರಿಕ್ ಆಟೋದವರನ್ನು ಒಮ್ಮೆ ಕೇಳಿ ನೋಡಿ: "ನೀವು ಎಲ್ಲಿ ಚಾರ್ಜ್ ಮಾಡ್ತೀರಿ?" ಹೆಚ್ಚಿನವರ ಉತ್ತರ "ಮನೇಲೇ" ಎಂದು. ಕಂಬದಲ್ಲಿ ಪೆಟ್ಟಿಗೆ ಇದ್ದೂ ಮನೆಯಲ್ಲೇ ಯಾಕೆ? ಈ ಪ್ರಶ್ನೆಯ ಹಿಂದೆ ಹೋದರೆ ಹತ್ತನೇ ತರಗತಿಯ ಭೌತವಿಜ್ಞಾನ, ಗಣಿತ, ಸ್ವಲ್ಪ ಅರ್ಥಶಾಸ್ತ್ರ, ಎಲ್ಲ ಒಟ್ಟಿಗೇ ಸಿಗುತ್ತವೆ. ಪತ್ರಿಕೆಗಳಲ್ಲಿ ಚಾರ್ಜರುಗಳ ಸಂಖ್ಯೆಯೇ ಸುದ್ದಿ. ಕೇಂದ್ರ ಸರಕಾರದ ಲೆಕ್ಕದಂತೆ 2024ರ ಡಿಸೆಂಬರಿನಲ್ಲಿ ದೇಶದಲ್ಲಿ 25,202 ಸಾರ್ವಜನಿಕ ಚಾರ್ಜಿಂಗ್ ಸ್ಟೇಷನುಗಳಿದ್ದವು. ಅದರಲ್ಲಿ 5,765 ಕರ್ನಾಟಕದವು, ದೇಶಕ್ಕೇ ಮೊದಲ ಸ್ಥಾನ. ಆದರೆ ಆ 5,765ರಲ್ಲಿ ಬಹುಪಾಲು ಇರುವುದು ಬೆಂಗಳೂರಿನಲ್ಲಿ. ಸಂಖ್ಯೆ ನೋಡಿದರೆ ಸಾಲದು. ಯಾವ ತಂತಿಯ ಕೊನೆಯಲ್ಲಿ, ದಿನದ ಯಾವ ಹೊತ್ತಿಗೆ, ಯಾರ ದಾರಿಯಲ್ಲಿ ಎಂದು ಕೇಳಬೇಕು. ನಮ್ಮಂಥ ಗಡಿನಾಡಿನ ಹಳ್ಳಿ ಪೇಟೆಗಳಲ್ಲಿ ಕಷ್ಟ ಇರುವುದು ಅಲ್ಲಿಯೇ.

ಐದನೇ ಆಟೋಗೆ ಉತ್ತರವಿಲ್ಲ

ಮೊದಲು ತಂತಿಯ ವಿಷಯ. ಬೇಸಿಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬಿಡುವ ಹೊತ್ತಿಗೆ ಮನೆಯ ಬಲ್ಬು ಮಂಕಾಗುವುದು ನಮಗೆ ಹೊಸತಲ್ಲ. "ಓಲ್ಟೇಜೇ ಇಲ್ಲ ಮಾರಾಯ್ರೆ" ಎನ್ನುವುದು ಬದಿಯಡ್ಕ, ಪೆರ್ಲ, ಅಡೂರು ಕಡೆಯ ಮಾರ್ಚ್-ಏಪ್ರಿಲಿನ ಸಾಮಾನ್ಯ ಮಾತು. ಆ ಮಾತನ್ನು ಲೆಕ್ಕಕ್ಕೆ ಇಳಿಸೋಣ.

ಟ್ರಾನ್ಸ್‌ಫಾರ್ಮರಿನಿಂದ ಅರ್ಧ ಕಿಲೋಮೀಟರು ದೂರದಲ್ಲಿ ಒಂದು ಮನೆ ಇದೆ ಎಂದಿಟ್ಟುಕೊಳ್ಳಿ. ಹೋಗುವ ತಂತಿ, ಮರಳಿ ಬರುವ ನ್ಯೂಟ್ರಲ್ ತಂತಿ ಸೇರಿ ಒಂದು ಕಿಲೋಮೀಟರು. ನಮ್ಮ ದೇಶದಲ್ಲಿ ಈ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರು. ಸಣ್ಣದಕ್ಕೆ ಸ್ಕ್ವಿರಲ್, ಅಂದರೆ ಅಳಿಲು. ಅದಕ್ಕಿಂತ ದಪ್ಪದ್ದು ವೀಸಲ್, ಮತ್ತೆ ರ್‍ಯಾಬಿಟ್, ಡಾಗ್ ಹೀಗೆ. ಮಕ್ಕಳಿಗೆ ಇದನ್ನು ಹೇಳಿ, ಮರೆಯುವುದಿಲ್ಲ. ವೀಸಲ್ ತಂತಿಯ ಪ್ರತಿರೋಧ ಕಿಲೋಮೀಟರಿಗೆ ಸುಮಾರು 0.9 ಓಮ್. ಲೆಕ್ಕ ಸುಲಭವಾಗಲೆಂದು 1 ಓಮ್ ಎಂದು ಹಿಡಿಯೋಣ. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ 230 ವೋಲ್ಟ್. ಮನೆಯಲ್ಲಿ ಒಂದು ಆಟೋ 3.3 ಕಿಲೋವಾಟ್‌ನಲ್ಲಿ ಚಾರ್ಜ್ ಆಗುತ್ತಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ಬಲ್ಬು, ಇಸ್ತ್ರಿಪೆಟ್ಟಿಗೆ ಇವೆಲ್ಲ ವೋಲ್ಟೇಜ್ ಇಳಿದರೆ ಕಡಿಮೆ ಕರೆಂಟು ಎಳೆಯುತ್ತವೆ, ಅದಕ್ಕೇ ಮಂಕಾಗುತ್ತವೆ. ವಾಹನದ ಚಾರ್ಜರ್ ಹಾಗಲ್ಲ. ಅದಕ್ಕೆ 3,300 ವಾಟ್ ಬೇಕೆಂದರೆ ಬೇಕು. ವೋಲ್ಟೇಜ್ ಇಳಿದಷ್ಟೂ ಹೆಚ್ಚು ಕರೆಂಟು ಎಳೆದು ಸರಿದೂಗಿಸುತ್ತದೆ. ಹೆಚ್ಚು ಕರೆಂಟು ಎಳೆದಾಗ ತಂತಿಯಲ್ಲಿ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಬಡ್ಡಿ ಕಟ್ಟಲು ಸಾಲ ತೆಗೆದ ಹಾಗೆ.

ಮನೆಯಲ್ಲಿ ಸಿಗುವ ವೋಲ್ಟೇಜ್ V ಎಂದಾದರೆ, ತಂತಿಯಲ್ಲಿ ಕಳೆದುಹೋದದ್ದು 230 − V. ಪ್ರತಿರೋಧ 1 ಓಮ್ ಆದ್ದರಿಂದ ಪ್ರವಾಹವೂ 230 − V ಆಂಪಿಯರ್. V ಮತ್ತು ಪ್ರವಾಹದ ಗುಣಲಬ್ಧ 3,300 ಆಗಬೇಕು. ಅಂದರೆ V² − 230V + 3300 = 0. ನಿಮ್ಮ ಗಣಿತ ಟೀಚರರಿಗೆ ಕೊಡಿ, ಇದು ವರ್ಗ ಸಮೀಕರಣ. ಬಿಡಿಸಿದರೆ V ಸುಮಾರು 215 ವೋಲ್ಟ್, ಪ್ರವಾಹ 15 ಆಂಪಿಯರ್ ಚಿಲ್ಲರೆ. ತಂತಿ ಬಿಸಿಯಾಗಿ ಹಾಳಾಗುವ ವಿದ್ಯುತ್ತು ಸುಮಾರು 240 ವಾಟ್. ತೊಂದರೆ ಇಲ್ಲ.

ಪಕ್ಕದ ಮನೆಯವರೂ ಆಟೋ ತಂದರು ಎನ್ನಿ. 3300 ಇದ್ದಲ್ಲಿ 6600 ಹಾಕಿ. ವೋಲ್ಟೇಜ್ 196ಕ್ಕೆ ಇಳಿಯಿತು, ಪ್ರವಾಹ 34 ಆಂಪಿಯರ್, ನಷ್ಟ 1,130 ವಾಟ್ ಹತ್ತಿರ. ಆಟೋ ಒಂದರಿಂದ ಎರಡಾಯಿತು, ನಷ್ಟ ನಾಲ್ಕು ಪಟ್ಟಿಗೂ ಮೀರಿತು. ಮೂರನೆಯದೂ ಬಂದರೆ 173 ವೋಲ್ಟ್, 57 ಆಂಪಿಯರ್, ನಷ್ಟ ಸುಮಾರು 3,300 ವಾಟ್. ಈಗ ತಂತಿಯೇ ಒಂದು ಆಟೋದಷ್ಟು ವಿದ್ಯುತ್ತು ತಿನ್ನುತ್ತಿದೆ! ನಾಲ್ಕನೆಯದಕ್ಕೆ ಸಮೀಕರಣ ಅಂಚಿಗೆ ಬಂದು ನಿಲ್ಲುತ್ತದೆ, ವೋಲ್ಟೇಜ್ 120. ಐದನೆಯದಕ್ಕೆ ವರ್ಗಮೂಲದ ಒಳಗೆ ಋಣ ಸಂಖ್ಯೆ. ಐದನೇ ಆಟೋಗೆ ಗಣಿತದಲ್ಲೇ ಉತ್ತರವಿಲ್ಲ. ನಿಜ ಜೀವನದಲ್ಲಿ ಇಷ್ಟು ದೂರ ಹೋಗುವುದಿಲ್ಲ ಅನ್ನಿ, ವೋಲ್ಟೇಜ್ ತೀರ ಇಳಿಯುವಾಗ ಚಾರ್ಜರುಗಳು ತಾವಾಗಿ ಕಡಿಮೆ ಎಳೆಯುತ್ತವೆ ಇಲ್ಲವೇ ನಿಲ್ಲುತ್ತವೆ. ಆದರೆ ಅಷ್ಟರಲ್ಲಿ ಪಕ್ಕದ ತೋಟದ ಪಂಪು ಸ್ಟಾರ್ಟ್ ಆಗದೆ ಗೊಂಯ್ ಎಂದು ಕೂಗಿ ಕಾಯಿಲ್ ಸುಟ್ಟಿರುತ್ತದೆ. ಜಗಳ ಶುರುವಾಗುವುದು ಅಲ್ಲಿ.

ಇದೇ ಲೆಕ್ಕದ ಇನ್ನೊಂದು ಮುಖ ನನಗೆ ಹೆಚ್ಚು ಇಷ್ಟ. ಈ ಮೂರು ಆಟೋಗಳು ಒಂದೇ ಫೇಸಿನಲ್ಲಿ ಇದ್ದದ್ದರಿಂದ ಇಷ್ಟೆಲ್ಲ ಆಯಿತು. ಅದೇ ತಂತಿ, ಅದೇ ಮೂರು ಆಟೋ, ಆದರೆ ಒಂದೊಂದನ್ನು ಒಂದೊಂದು ಫೇಸಿಗೆ ಹಂಚಿ ನೋಡಿ. ಮೂರು ಫೇಸುಗಳ ಪ್ರವಾಹ ನ್ಯೂಟ್ರಲ್‌ನಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ, ಮರಳುವ ತಂತಿಯಲ್ಲಿ ನಷ್ಟವೇ ಇಲ್ಲ. ಪ್ರತಿ ಮನೆಗೂ 222 ವೋಲ್ಟಿಗೂ ಹೆಚ್ಚು ಸಿಗುತ್ತದೆ. ಒಟ್ಟು ನಷ್ಟ 330 ವಾಟ್, ಮೊದಲಿನ ಹತ್ತರಲ್ಲಿ ಒಂದು ಪಾಲು. ಹೊಸ ತಂತಿ ಬೇಡ, ಹೊಸ ಟ್ರಾನ್ಸ್‌ಫಾರ್ಮರ್ ಬೇಡ. ಲೈನ್‌ಮ್ಯಾನ್ ಕಂಬ ಹತ್ತಿ ಎರಡು ಸರ್ವಿಸ್ ವಯರು ಬದಲಿಸಿದರೆ ಮುಗಿಯಿತು. ಆದರೆ ಯಾವ ಮನೆಯಲ್ಲಿ ಎಲೆಕ್ಟ್ರಿಕ್ ವಾಹನ ಇದೆ ಎಂದು ಸೆಕ್ಷನ್ ಆಫೀಸಿಗೆ ಗೊತ್ತಿದ್ದರೆ ತಾನೇ? ವಾಹನ ನೋಂದಣಿ ಆಗುವುದು ಆರ್‌ಟಿಓದಲ್ಲಿ. ಅಲ್ಲಿಂದ ವಿದ್ಯುತ್ ಆಫೀಸಿಗೆ ಸುದ್ದಿ ಹೋಗುವ ದಾರಿ ಇರಬೇಕು.

ರಾತ್ರಿ ಹೊತ್ತಿನ ಕರೆಂಟು, ಮಧ್ಯಾಹ್ನದ ಬಿಸಿಲು

ಹೊತ್ತಿನ ಪ್ರಶ್ನೆ ಇದಕ್ಕಿಂತ ದೊಡ್ಡದು. 2024ರ ಬೇಸಿಗೆ ನೆನಪಿದೆಯಲ್ಲ? ಆ ವರ್ಷ ಮೇ ತಿಂಗಳ ಆರಂಭದಲ್ಲಿ ಕೇರಳದ ವಿದ್ಯುತ್ ಬೇಡಿಕೆ 5,797 ಮೆಗಾವಾಟಿಗೆ ಏರಿ ಅಲ್ಲಿಯವರೆಗಿನ ದಾಖಲೆ ಮುರಿಯಿತು. ಅದು ಹಗಲಿನಲ್ಲಿ ಅಲ್ಲ, ರಾತ್ರಿ. ಸೆಕೆಗೆ ಎಲ್ಲರ ಮನೆಯ ಎಸಿ, ಫ್ಯಾನು ಓಡುವ ಹೊತ್ತು, ಜತೆಗೆ ಕೆಲಸ ಮುಗಿಸಿ ಮನೆಗೆ ಬಂದವರು ವಾಹನಕ್ಕೆ ಚಾರ್ಜ್ ಹಾಕುವ ಹೊತ್ತು. ಟ್ರಾನ್ಸ್‌ಫಾರ್ಮರುಗಳು ಅಲ್ಲಲ್ಲಿ ಕೈಕೊಟ್ಟವು. ಸಂಜೆ 6ರಿಂದ ನಡುರಾತ್ರಿ 12ರ ತನಕ ದಯವಿಟ್ಟು ವಾಹನ ಚಾರ್ಜ್ ಮಾಡಬೇಡಿ ಎಂದು ಮಂಡಳಿ ಕೇಳಿಕೊಳ್ಳಬೇಕಾಯಿತು.

ಇನ್ನೊಂದು ಕಡೆ, ನಮ್ಮ ಜಿಲ್ಲೆಯ ಪೈವಳಿಕೆಯಲ್ಲಿ 50 ಮೆಗಾವಾಟಿನ ಸೌರ ವಿದ್ಯುತ್ ಘಟಕ, ಅಂಬಲತ್ತರದಲ್ಲಿ ಇನ್ನೊಂದು 50 ಮೆಗಾವಾಟಿನದು. ಮನೆಮನೆಯ ಮಾಡಿನ ಮೇಲಿನ ಪ್ಯಾನೆಲುಗಳು ಬೇರೆ. ಅವೆಲ್ಲ ತುಂಬಿ ಹರಿಯುವುದು ಮಧ್ಯಾಹ್ನ. ಸಂಜೆ ಆರಕ್ಕೆ ಅವುಗಳ ಕೆಲಸ ಮುಗಿದಿರುತ್ತದೆ. ಅಂದರೆ ವಿದ್ಯುತ್ತು ಹೆಚ್ಚಾಗಿ ಇರುವ ಹೊತ್ತಿಗೆ ವಾಹನಗಳು ರಸ್ತೆಯಲ್ಲಿವೆ. ಅವು ಮನೆ ಸೇರುವ ಹೊತ್ತಿಗೆ ವಿದ್ಯುತ್ತನ್ನು ಹೊರಗಿನಿಂದ ದುಬಾರಿಗೆ ಕೊಂಡು ತರಬೇಕು. ಕೇಂದ್ರದ ವಿದ್ಯುತ್ ಸಚಿವಾಲಯ 2024ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನು ದರದ ಮೂಲಕ ಸರಿಪಡಿಸಲು ನೋಡುತ್ತದೆ. ಬೆಳಗ್ಗೆ 9ರಿಂದ ಸಂಜೆ 4ರ ತನಕ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನುಗಳಿಗೆ ವಿದ್ಯುತ್ತು ಸರಾಸರಿ ವೆಚ್ಚದ 0.7 ಪಟ್ಟು ದರದಲ್ಲಿ, ಉಳಿದ ಹೊತ್ತು 1.3 ಪಟ್ಟು. ಕೇರಳದಲ್ಲಿಯೂ ಈಗ ಹಗಲು ಅಗ್ಗ, ರಾತ್ರಿ ದುಬಾರಿ.

ಇನ್ನು ಆಟೋದವರ ದಿನವನ್ನು ನೋಡಿ. ಬೆಳಗ್ಗೆ ಏಳೂವರೆಯಿಂದ ಹತ್ತರ ತನಕ ಶಾಲೆ, ಆಫೀಸು, ಆಸ್ಪತ್ರೆಯ ಬಾಡಿಗೆ. ಮೂರೂವರೆಯಿಂದ ಮತ್ತೆ ಶಾಲೆ ಬಿಡುವ ಗಡಿಬಿಡಿ. ನಡುವೆ, ಒಂದರಿಂದ ಮೂರು ಗಂಟೆಯ ತನಕ, ಸ್ಟ್ಯಾಂಡು ನಿದ್ದೆ ಹೊಡೆಯುತ್ತದೆ. ಆಟೋಗಳ ಬ್ಯಾಟರಿ ಸಾಮಾನ್ಯವಾಗಿ 7ರಿಂದ 9 ಯೂನಿಟ್ ಹಿಡಿಯುವಂಥದ್ದು. 3.3 ಕಿಲೋವಾಟ್ ಪಾಯಿಂಟಿನಲ್ಲಿ ಎರಡು ಗಂಟೆ ನಿಂತರೆ ಆರು ಯೂನಿಟಿನ ಮೇಲೆ ತುಂಬುತ್ತದೆ. ಸಂಜೆಯ ಬಾಡಿಗೆಗೆ ಧಾರಾಳ ಸಾಕು. ವಿದ್ಯುತ್ತು ಅಗ್ಗ, ಹೊತ್ತು ಖಾಲಿ, ಬಿಸಿಲು ನೆತ್ತಿಯ ಮೇಲೆ. ಮೂರೂ ಕೂಡಿ ಬರುವುದು ದಿನಕ್ಕೆ ಈ ಎರಡೇ ಗಂಟೆ.

ಆದರೆ ಈ ಎರಡು ಗಂಟೆ ದಕ್ಕಬೇಕಾದರೆ ಪಾಯಿಂಟು ಸ್ಟ್ಯಾಂಡಿನ ಸಾಲಿನಲ್ಲೇ ಇರಬೇಕು, ನೆರಳಿನಲ್ಲಿ ಇರಬೇಕು. ಇನ್ನೂರು ಮೀಟರು ಆಚೆ ಇದ್ದರೆ ಸರದಿ ತಪ್ಪುತ್ತದೆ, ಯಾರೂ ಹೋಗುವುದಿಲ್ಲ. ಕಂಬ ಎಲ್ಲಿದೆಯೋ ಅಲ್ಲಿ ಚಾರ್ಜರ್ ಎಂದು ಮಾಡುವುದಕ್ಕೂ ಆಟೋ ಎಲ್ಲಿ ನಿಲ್ಲುತ್ತದೋ ಅಲ್ಲಿ ಚಾರ್ಜರ್ ಎಂದು ಮಾಡುವುದಕ್ಕೂ ಇರುವ ಅಂತರ ಇದು. ಒಂದು ಪಾಯಿಂಟಿನಲ್ಲಿ ಒಂದು ಆಟೋ ಎರಡು ಗಂಟೆ ನಿಂತರೆ ಉಳಿದ ಐವರು ಏನು ಮಾಡಬೇಕು ಎಂಬ ಪ್ರಶ್ನೆಯೂ ಇದೆ.

ಹಾಗಾಗಿ ಮನೆಯಲ್ಲೇ ಚಾರ್ಜು. ಅದರ ಬೆಲೆ ಎಷ್ಟು? ದಿನಕ್ಕೆ ಎಂಟು ಯೂನಿಟ್, ತಿಂಗಳಿಗೆ 25 ದಿನ, ಒಟ್ಟು 200. ಮನೆಯ ಸ್ವಂತ ಖರ್ಚು 120 ಎನ್ನಿ. ಒಟ್ಟು 320. ಕೇರಳದಲ್ಲಿ ಮನೆಬಳಕೆ ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ದರ. ಮೊದಲ ಯೂನಿಟುಗಳು ಅಗ್ಗ, ಮುಂದಿನವು ಕ್ರಮೇಣ ಹೆಚ್ಚು. 250 ದಾಟಿದರೆ ಮೆಟ್ಟಿಲು ಇಲ್ಲ, ಮೊದಲನೇ ಯೂನಿಟಿನಿಂದಲೇ ಎಲ್ಲಕ್ಕೂ ಒಂದೇ ಮೇಲಿನ ದರ. ಆಟೋ ಮನೆಗೆ ಬಂದದ್ದರಿಂದ ಮಿಕ್ಸಿ, ಫ್ಯಾನಿನ ಕರೆಂಟಿಗೂ ಬೆಲೆ ಏರಿತು. ಸಾಲ ಮಾಡಿ ಎಲೆಕ್ಟ್ರಿಕ್ ಆಟೋ ತೆಗೆದವರ ಲೆಕ್ಕ ತಪ್ಪುವುದು ಇಂಥ ಕಡೆ. ಲೈನ್ ಮನೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇರುವವರಿಗಂತೂ ಆಟೋ ನಿಲ್ಲುವ ಜಾಗಕ್ಕೆ ಪ್ಲಗ್ಗೇ ಇಲ್ಲ.

ದೊಡ್ಡ ಚಾರ್ಜರಿನ ದೊಡ್ಡ ಸಂಕಟ

ಹಾಗಾದರೆ ಕಾರುಗಳಿಗೆ ಹಾಕುವ ಫಾಸ್ಟ್ ಚಾರ್ಜರನ್ನೇ ಎಲ್ಲ ಕಡೆ ಹಾಕಬಾರದೇ ಎಂದು ನೀವು ಕೇಳಬಹುದು. 60 ಕಿಲೋವಾಟಿನ ಒಂದು ಚಾರ್ಜರ್ ತನ್ನೊಳಗಿನ ನಷ್ಟವನ್ನೂ ಸೇರಿಸಿ 63 ಕಿಲೋವಾಟಿನಷ್ಟು ಎಳೆಯುತ್ತದೆ. ನಮ್ಮ ಪೇಟೆಗಳಲ್ಲಿ ಕಾಣುವ 100 ಕೆವಿಎ ಟ್ರಾನ್ಸ್‌ಫಾರ್ಮರಿನ ಮೂರರಲ್ಲಿ ಎರಡು ಪಾಲಿಗೆ ಸ್ವಲ್ಪ ಕಡಿಮೆ. ಉಳಿದದ್ದರಲ್ಲಿ ಇಡೀ ಪೇಟೆ ಬದುಕಬೇಕು. ಹಾಗಾಗಿ ಇಂಥ ಚಾರ್ಜರಿಗೆ ಬೇರೆಯೇ ಟ್ರಾನ್ಸ್‌ಫಾರ್ಮರ್ ಬೇಕು, 11 ಕೆವಿ ಲೈನ್ ಹತ್ತಿರ ಇರಬೇಕು, ಜಾಗ ಬೇಕು.

ಅಷ್ಟು ಮಾಡಿದ ಮೇಲೆ ವಾಹನಗಳು ಬರಬೇಕು. ಒಂದು ಲೆಕ್ಕ ಹಾಕೋಣ. ಮೊತ್ತಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು, ನಿಮ್ಮ ಊರಿಗೆ ತಕ್ಕಂತೆ ಬದಲಿಸಿ. ಎಲ್ಲ ಸೇರಿ ಹತ್ತು ಲಕ್ಷ ರೂಪಾಯಿ ಖರ್ಚು, ಯೂನಿಟಿಗೆ ನಾಲ್ಕು ರೂಪಾಯಿ ಉಳಿತಾಯ, ಒಂದು ಕಾರಿಗೆ 20 ಯೂನಿಟ್. ದಿನಕ್ಕೆ ಹತ್ತು ಕಾರು ಬಂದರೆ ವರ್ಷಕ್ಕೆ 2,92,000 ರೂಪಾಯಿ, ಮೂರೂವರೆ ವರ್ಷದೊಳಗೆ ಹಾಕಿದ ಹಣ ಬಂತು. ದಿನಕ್ಕೆ ಒಂದೇ ಕಾರು ಬಂದರೆ 29,200. ಹಣ ಮರಳಲು 34 ವರ್ಷ. ಚಾರ್ಜರ್ ಅಷ್ಟು ವರ್ಷ ಬಾಳುವುದಿಲ್ಲ. ಬೆಂಗಳೂರಿನಲ್ಲಿ ಸಾಲುಸಾಲು, ಬಂದಡ್ಕದಲ್ಲಿ ಒಂದೂ ಇಲ್ಲ ಎಂದರೆ ಅದಕ್ಕೆ ಯಾರ ದ್ವೇಷವೂ ಕಾರಣವಲ್ಲ, ಈ ಭಾಗಾಕಾರ ಕಾರಣ. ಚಾರ್ಜರ್ ಇಲ್ಲದೆ ಜನ ಕಾರು ಕೊಳ್ಳುವುದಿಲ್ಲ, ಕಾರು ಇಲ್ಲದೆ ಯಾರೂ ಚಾರ್ಜರ್ ಹಾಕುವುದಿಲ್ಲ. ಈ ಗಂಟು ಬಿಚ್ಚಲು ಸರಕಾರದ ಹಣ ಬೇಕಾಗುತ್ತದೆ. 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಪಿಎಂ ಇ-ಡ್ರೈವ್ ಯೋಜನೆಯ 10,900 ಕೋಟಿಯಲ್ಲಿ 2,000 ಕೋಟಿ ಚಾರ್ಜಿಂಗಿಗೆ ಮೀಸಲು. ಆ ಹಣ ಹೇಗೂ ವಾಹನ ದಟ್ಟವಾಗಿರುವ ಕಡೆಗೇ ಹರಿದರೆ ಗಂಟು ಹಾಗೇ ಉಳಿಯುತ್ತದೆ ಎಂಬುದು ನನ್ನ ಅನುಮಾನ.

ತೆರಿಗೆಯ ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ವಿದ್ಯುತ್ ಮಾರಲು ಲೈಸೆನ್ಸ್ ಬೇಕು. ಚಾರ್ಜಿಂಗ್ ಸ್ಟೇಷನ್ ಇಡುವವರಿಗೆ ಆ ಕಷ್ಟ ಬೇಡವೆಂದು ಕೇಂದ್ರ 2018ರಲ್ಲಿ, ಇದು ವಿದ್ಯುತ್ ಮಾರಾಟ ಅಲ್ಲ, ಸೇವೆ ಎಂದು ಸ್ಪಷ್ಟಪಡಿಸಿತು. ಒಳ್ಳೆಯ ನಿರ್ಧಾರ. ಆದರೆ ವಿದ್ಯುತ್ ಮಾರಾಟಕ್ಕೆ ಜಿಎಸ್‌ಟಿ ಇಲ್ಲ, ಸೇವೆಗೆ ಇದೆ! ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಈ ಪ್ರಶ್ನೆ ಕೇಳಿದಾಗ ಕರ್ನಾಟಕದ ತೆರಿಗೆ ಮುಂಗಡ ತೀರ್ಪಿನ ಪ್ರಾಧಿಕಾರ 2023ರಲ್ಲಿ 18 ಶೇಕಡಾ ಕೊಡಬೇಕು ಎಂದಿತು. ಮನೆಯಲ್ಲಿ ಚಾರ್ಜ್ ಮಾಡಿದರೆ ಈ ತೆರಿಗೆ ಇಲ್ಲ, ಸ್ಟೇಷನಿನಲ್ಲಿ ಮಾಡಿದರೆ ಉಂಟು. ಮನೆಯಲ್ಲಿ ಪ್ಲಗ್ ಇಲ್ಲದವರು ಯಾರು ಎಂದು ಮೇಲೆ ಹೇಳಿದ್ದೇನೆ.

ಫಾಸ್ಟ್ ಚಾರ್ಜರಿನ ಮುಂದೆ ಜನ ತಾಳ್ಮೆಗೆಡುವುದಕ್ಕೆ ಇನ್ನೊಂದು ಕಾರಣ, ಕೊನೆಯ ಇಪ್ಪತ್ತು ಶೇಕಡಾ. ಶಾಲೆ ಬಿಟ್ಟ ಹೊತ್ತಿಗೆ ಕುಂಬಳೆ ಬಸ್ಸು ತುಂಬುವುದನ್ನು ನೆನೆಯಿರಿ. ಖಾಲಿ ಬಸ್ಸಿಗೆ ಮೊದಲ ನಲವತ್ತು ಮಕ್ಕಳು ಒಂದು ನಿಮಿಷದಲ್ಲಿ ಹತ್ತಿ ಕೂರುತ್ತಾರೆ. ಕೊನೆಯ ಹತ್ತು ಮಂದಿಗೆ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕಂಡಕ್ಟರ್ ಕೂಗಬೇಕು, ಎಲ್ಲರೂ ಸರಿದು ಜಾಗ ಕೊಡಬೇಕು. ಲಿಥಿಯಂ ಅಯಾನುಗಳೂ ಗ್ರಾಫೈಟಿನ ಪದರಗಳ ನಡುವೆ ಹೀಗೆಯೇ ಕೂರುತ್ತವೆ. ತುಂಬುತ್ತಾ ಬಂದಂತೆ ನೂಕಿದರೆ ಒಳಗೆ ಹೋಗದೆ ಮೇಲ್ಮೈಯಲ್ಲೇ ಲೋಹವಾಗಿ ಕಟ್ಟಿಕೊಳ್ಳುತ್ತವೆ, ಬ್ಯಾಟರಿ ಕೆಡುತ್ತದೆ. ಅದಕ್ಕೇ 80 ಶೇಕಡಾ ಆದ ಮೇಲೆ ಕಾರು ತಾನೇ ವೇಗ ಇಳಿಸುತ್ತದೆ. ಒಂದೇ ಚಾರ್ಜರ್ ಇರುವ ಊರಿನಲ್ಲಿ 80ಕ್ಕೆ ಪ್ಲಗ್ ಕೀಳುವುದು ಹಿಂದೆ ಕಾಯುವವರಿಗೆ ಮಾಡುವ ದೊಡ್ಡ ಉಪಕಾರ.

ಘಾಟಿಯೂ ಗಡಿಯೂ

ಅದೇ ಮಾರ್ಗಸೂಚಿ ಹೆದ್ದಾರಿಯಲ್ಲಿ ಪ್ರತಿ 20 ಕಿಲೋಮೀಟರಿಗೆ ಕಾರುಗಳಿಗೆ ಚಾರ್ಜಿಂಗ್ ಸ್ಟೇಷನ್ ಇರಬೇಕು ಎನ್ನುತ್ತದೆ. ತಲಪಾಡಿಯಿಂದ ದಕ್ಷಿಣಕ್ಕೆ ಹೋಗುವ ಹೆದ್ದಾರಿ 66ಕ್ಕೆ ಇದು ಸರಿ, ನೆಲ ಸಮ. ಆದರೂ ಆರು ಪಥದ ಹೆದ್ದಾರಿಯಲ್ಲಿ ಚಾರ್ಜರ್ ನಿಮ್ಮ ಎಡಕ್ಕಿಲ್ಲದೆ ಬಲಕ್ಕಿದ್ದರೆ ಅಂಡರ್‌ಪಾಸ್ ಹುಡುಕಿ ಸುತ್ತು ಹಾಕಬೇಕು. ಈ ಸುತ್ತಿನ ಕಷ್ಟ ಶಾಲೆಗೆ ರಸ್ತೆ ದಾಟುವ ನಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು.

ಆದರೆ ಚೆರ್ಕಳ, ಮುಳ್ಳೇರಿಯ, ಜಾಲ್ಸೂರು ದಾಟಿ ಸುಳ್ಯದಿಂದ ಮಡಿಕೇರಿಗೆ ಹೋಗುವ ದಾರಿಗೆ ಕಿಲೋಮೀಟರಿನ ಲೆಕ್ಕ ಸಾಲದು. ಸುಳ್ಯದಿಂದ ಮಡಿಕೇರಿಗೆ ಸುಮಾರು 50 ಕಿಲೋಮೀಟರು, ಏರುವುದು ಸುಮಾರು 1,000 ಮೀಟರು. ನಾಲ್ವರು ಕುಳಿತ ಕಾರಿನ ತೂಕ 1,700 ಕಿಲೋಗ್ರಾಂ ಎನ್ನಿ. mgh ಹಾಕಿ ನೋಡಿ: 1700 × 9.8 × 1000, ಅಂದರೆ 1.67 ಕೋಟಿ ಜೂಲ್, 36 ಲಕ್ಷದಿಂದ ಭಾಗಿಸಿದರೆ 4.6 ಯೂನಿಟ್. ಮೋಟರಿನ ನಷ್ಟ ಸೇರಿಸಿ ಐದಕ್ಕೂ ಮೇಲೆ. ಸಮನೆಲದಲ್ಲಿ ಅಷ್ಟೇ ದೂರಕ್ಕೆ ಬೇಕಾಗುವುದು ಏಳು ಯೂನಿಟ್ ಆಸುಪಾಸು. ಘಾಟಿ ಏರುವಾಗ ಹನ್ನೆರಡು. ಆದ್ದರಿಂದ ಚಾರ್ಜರ್ ಬೇಕಾದದ್ದು ಘಾಟಿಯ ಬುಡದಲ್ಲಿ. ಗುಡ್ಡದ ಮೇಲೆ ಹಾಕಿದ್ದರೆ ಅಲ್ಲಿ ಪೂರ್ತಿ ತುಂಬಿಸಿಕೊಂಡು ಇಳಿಯಬೇಡಿ. ಇಳಿಯುವಾಗ ಮೋಟರು ಜನರೇಟರಾಗಿ ಬ್ಯಾಟರಿಗೆ ವಿದ್ಯುತ್ತು ಮರಳಿಸುತ್ತದೆ. ಬ್ಯಾಟರಿ ತುಂಬಿದ್ದರೆ ಅದಕ್ಕೆ ಜಾಗವಿಲ್ಲ, ಬ್ರೇಕು ಬಿಸಿಯಾಗುವುದಷ್ಟೇ ಲಾಭ. ನೀಲಗಿರಿಯ, ವಯನಾಡಿನ ಟೀಚರುಗಳು ತಮ್ಮ ತಮ್ಮ ಘಾಟಿಗೆ ಇದೇ ಲೆಕ್ಕ ಮಾಡಿಸಬಹುದು. ಊಟಿಗೆ ಎತ್ತರ ಇನ್ನೂ ಹೆಚ್ಚು.

ತಲಪಾಡಿ ದಾಟಿದರೆ ಇನ್ನೊಂದು ತರದ ಏರು. ಈಚೆ ಕೆಎಸ್‌ಇಬಿ, ಆಚೆ ಮೆಸ್ಕಾಂ. ದರ ಬೇರೆ, ಆ್ಯಪ್ ಬೇರೆ, ಮುಂಗಡ ಹಾಕಿದ ಹಣ ಬೇರೆ ಬೇರೆ ಕಡೆ. ಖಾಸಗಿ ಕಂಪೆನಿಗಳದ್ದು ಮತ್ತೊಂದಿಷ್ಟು. ಮಂಗಳೂರಿಗೆ ಹೋಗಿಬರುವವರ ಫೋನಿನಲ್ಲಿ ನಾಲ್ಕೈದು ಆ್ಯಪ್, ಪ್ರತಿಯೊಂದರಲ್ಲಿ ನೂರು ಇನ್ನೂರು ರೂಪಾಯಿ ಸಿಕ್ಕಿಹಾಕಿಕೊಂಡಿರುತ್ತದೆ. ಮೊಬೈಲಿಗೆ ರೋಮಿಂಗ್ ಇರುವ ಹಾಗೆ ಚಾರ್ಜಿಂಗಿಗೂ ಇರಲು ತಾಂತ್ರಿಕವಾಗಿ ಅಡ್ಡಿಯಿಲ್ಲ, ಕಂಪೆನಿಗಳ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಒಪ್ಪಿತ ನಿಯಮಗಳು ಈಗಾಗಲೇ ಇವೆ. ಇಡೀ ದೇಶಕ್ಕೆ ಒಂದೇ ಆ್ಯಪ್ ತರುವ ಯೋಚನೆ ಪಿಎಂ ಇ-ಡ್ರೈವ್‌ನಲ್ಲಿ ಇದೆ. ಅದು ಬರುವಾಗ ಕನ್ನಡದಲ್ಲೂ ಬರಲಿ ಎಂದು ನಾವು ಈಗಲೇ ಬರೆದು ಕೇಳಬೇಕು. ಚಾರ್ಜರಿನ ಮೇಲೆ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಮಾತ್ರ ಸೂಚನೆ ಇದ್ದರೆ, ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹಿರಿಯ ಆಟೋದವರು ಅದನ್ನು ಮುಟ್ಟಲೇ ಹೆದರುತ್ತಾರೆ. ಅದು ಬರೀ ಭಾಷೆಯ ಅಭಿಮಾನದ ಪ್ರಶ್ನೆಯಲ್ಲ, ಸುರಕ್ಷತೆಯದ್ದು.

ಪ್ಲಗ್ಗಿನ ಕತೆಯೂ ಗಡಿಯ ಕತೆಯ ಹಾಗೆಯೇ. ಕಾರಿಗೆ ಸಿಸಿಎಸ್-2, ಹಳೆಯ ಸರಕಾರಿ ಡಿಸಿ ಚಾರ್ಜರುಗಳಲ್ಲಿ ಬೇರೆ, ಸ್ಕೂಟರಿಗೆ ಒಂದೊಂದು ಕಂಪೆನಿಯದ್ದು ಒಂದೊಂದು. ದ್ವಿಚಕ್ರಗಳಿಗೆ ಭಾರತೀಯ ಮಾನಕ ಬ್ಯೂರೋ 2023ರಲ್ಲಷ್ಟೇ ಒಂದು ಸ್ವದೇಶಿ ಮಾದರಿಯನ್ನು ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಸ್ಕೂಟರು ರಸ್ತೆಗೆ ಬಂದಾಗಿತ್ತು.

ಶಾಲೆಯ ಅಂಗಳದಲ್ಲಿ

ಹತ್ತರಿಂದ ನಾಲ್ಕರ ತನಕ ಒಂದೇ ಕಡೆ ನಿಂತಿರುವ ಎಲೆಕ್ಟ್ರಿಕ್ ವಾಹನ ನಮ್ಮ ಊರುಗಳಲ್ಲಿ ಯಾವುದು? ಟೀಚರುಗಳ ಸ್ಕೂಟರು. ಸರಿಯಾಗಿ ಸೌರ ವಿದ್ಯುತ್ತಿನ ಹೊತ್ತು. ಮಾಡಿನ ಮೇಲೆ ಪ್ಯಾನೆಲ್ ಇರುವ ಶಾಲೆಗಳೂ ಈಗ ಸಾಕಷ್ಟು ಇವೆ. ಒಂದು ಸ್ಕೂಟರಿನ ಮನೆ ಚಾರ್ಜರ್ ಎಳೆಯುವುದು 700–750 ವಾಟ್, ಒಂದು ಇಸ್ತ್ರಿಪೆಟ್ಟಿಗೆಯಷ್ಟು. ಹತ್ತು ಸ್ಕೂಟರು ಒಟ್ಟಿಗೆ ಚುಚ್ಚಿದರೆ ಶಾಲೆಯ ಕನೆಕ್ಷನ್ ತಡೆಯಲಿಕ್ಕಿಲ್ಲ, ಎರಡೆರಡಾಗಿ ಸರದಿಯಲ್ಲಿ ಹಾಕಿದರೆ ಧಾರಾಳವಾಗಿ ತಡೆಯುತ್ತದೆ. ಬಿಲ್ಲು ಯಾರದ್ದು ಎಂಬ ಪ್ರಶ್ನೆ ಇದೆ, ಅದನ್ನು ಮುಚ್ಚಿಡಬಾರದು. ಶಾಲೆಯ ಖಾತೆಯ ಕರೆಂಟು ಸ್ವಂತ ವಾಹನಕ್ಕೆ ಅಲ್ಲ. ಬೇರೆ ಮೀಟರು, ಬೇರೆ ಕನೆಕ್ಷನಿಗೆ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ, ಪಿಟಿಎ ಸಭೆಯಲ್ಲಿ ಇಟ್ಟು ತೀರ್ಮಾನಿಸಿ. ಶನಿವಾರ, ಭಾನುವಾರ ಅದೇ ಪಾಯಿಂಟು ಊರಿನ ಆಟೋಗಳಿಗೆ ಸಿಗುವಂತಾದರೆ ಇನ್ನೂ ಒಳ್ಳೆಯದು.

ಈ ಟರ್ಮಿನಲ್ಲಿ ನಿಮ್ಮ ವಿಜ್ಞಾನ ಕ್ಲಬ್ಬಿನ ಮಕ್ಕಳಿಂದ ಒಂದು ಕೆಲಸ ಮಾಡಿಸಿ. ನಿಮ್ಮ ಪಂಚಾಯತಿನಲ್ಲಿ ಚಾರ್ಜಿಂಗ್ ಪಾಯಿಂಟುಗಳು ಎಲ್ಲೆಲ್ಲಿ ಇವೆ, ಆಟೋ ಸ್ಟ್ಯಾಂಡಿಗೆ ಎಷ್ಟು ಹೆಜ್ಜೆ, ನೆರಳು ಇದೆಯೇ, ನಡೆಯುತ್ತಿದೆಯೇ, ಸೂಚನೆ ಯಾವ ಭಾಷೆಯಲ್ಲಿದೆ, ಒಂದು ವಾರ ಮಧ್ಯಾಹ್ನ ಒಂದರಿಂದ ಮೂರರ ನಡುವೆ ಎಷ್ಟು ವಾಹನ ಬಂದವು ಎಂದು ಬರೆದಿಡಲಿ. ಎಲೆಕ್ಟ್ರಿಕ್ ಆಟೋ ಓಡಿಸುವ ಇಬ್ಬರು ಮೂವರೊಡನೆ ಮಾತಾಡಿ ತಿಂಗಳ ಬಿಲ್ಲಿನ ಲೆಕ್ಕ ಕೇಳಲಿ, ಹೆಸರು ಬರೆಯಬೇಕಾಗಿಲ್ಲ. ಕರೆಂಟು ಬಿಲ್ಲಿನಲ್ಲಿ ಯೂನಿಟ್ 250 ದಾಟಿದೆಯೇ ಎಂದು ನೋಡಲಿ. ಮಕ್ಕಳು ಪೆಟ್ಟಿಗೆಯನ್ನೋ ಪ್ಲಗ್ಗನ್ನೋ ಮುಟ್ಟಬಾರದು, ಮಳೆಗಾಲದಲ್ಲಿ ಕಂಬದ ಹತ್ತಿರ ನಿಲ್ಲಲೂ ಬಾರದು. ದೂರದಿಂದ ನೋಡಿ ಎಣಿಸಿದರೆ ಸಾಕು. ಸಿಕ್ಕಿದ್ದನ್ನು ಒಂದು ಪುಟಕ್ಕೆ ಇಳಿಸಿ ಸಂಘಕ್ಕೆ ಕಳುಹಿಸಿ. ಎಲ್ಲ ಉಪಜಿಲ್ಲೆಗಳಿಂದ ಬಂದದ್ದನ್ನು ಒಂದೇ ನಕ್ಷೆಯಲ್ಲಿ ಹಾಕಿ ಪಂಚಾಯತುಗಳಿಗೂ ಸೆಕ್ಷನ್ ಆಫೀಸುಗಳಿಗೂ ಕೊಡೋಣ.